ಹೆಪ್ಪುಗಟ್ಟಿದ ಕೆರೆಯ ಮೇಲೆ ಓಕುಳಿ ನೀರು

ಆ ಸಂಜೆ ಆಸ್ಪತ್ರೆಯಿಂದ ಮನೆಗೆ ಬಂದರೆ ನಮ್ಮ ಊಟದ ಮೇಜಿನ ಮೇಲೆ ಒಂದು ಟೈರು ಮಲಗಿತ್ತು. ಅದರ ಒಂದು ಪಕ್ಕದಲ್ಲಿ ನನ್ನ ಹೆಂಡತಿ ಗಿರಿಜಾ, ಇನ್ನೊಂದು ಪಕ್ಕದಲ್ಲಿ ನಾನು ಅದುವರೆಗೆ ಕಂಡಿರದ ಒಬ್ಬ ಇಂಗ್ಲಿಷ್ ಹೆಂಗಸು. ಇಬ್ಬರೂ ಡ್ರಿಲ್ ಹಿಡಿದು ಟೈರಿಗೆ ಚೂಪು ತಲೆಯ ಮೊಳೆಗಳನ್ನು ತಿರುಪುತ್ತಿದ್ದರು. ಬೆಳಿಗ್ಗೆ ನಾನು ಉಪ್ಪಿಟ್ಟು ತಿಂದ ಜಾಗದಲ್ಲಿ ಕಪ್ಪು ರಬ್ಬರಿನ ಪುಡಿ ಉದುರಿತ್ತು.

“ರೀ, ಬಂದ್ರಾ? ಇವ್ರು ಡೆನೀಸ್, ನಮ್ಮ ಸೂಪರ್‌ವೈಸರ್ರು. ಬೂಟು ಬಿಚ್ಚಬ್ಯಾಡ್ರಿ, ನೆಲದ ಮ್ಯಾಲೆಲ್ಲಾ ಮೊಳೆ ಬಿದ್ದಾವ,” ಎಂದಳು ಗಿರಿಜಾ.

ನಮ್ಮ ಮನೆಯಲ್ಲಿ ಬೂಟು ಬಿಚ್ಚಬೇಡಿ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಗಿರಿಜಾಳ ಅಪ್ಪ ಹೊಸಪೇಟೆಯಲ್ಲಿ ಟೈರು ಅಂಗಡಿ ಇಟ್ಟವರು. ಜೀವಮಾನವೆಲ್ಲ ಅದಿರು ಲಾರಿಗಳ ಟೈರಿನಿಂದ ಮೊಳೆ ಕಿತ್ತು ಕಿತ್ತು ಮಗಳನ್ನು ಬಿ.ಎಸ್ಸಿ. ಓದಿಸಿದರು. ಆ ಮಗಳು ಏಳು ಸಮುದ್ರ ದಾಟಿ ಮ್ಯಾಂಚೆಸ್ಟರಿಗೆ ಬಂದು, ಚೆನ್ನಾಗಿರುವ ಟೈರಿಗೆ ಕೈಯಾರೆ ಮೊಳೆ ಹೊಡೆಯುತ್ತ ಕೂತಿದ್ದಾಳೆ. ಇದೇನು ಕರ್ಮ ಅಂತ ಕೇಳಿದೆ. ಆಗ ಇಬ್ಬರೂ ಸೇರಿ ವಿವರಿಸಿದರು. ಸ್ವೀಡನ್ ದೇಶದಲ್ಲಿ ಚಳಿಗಾಲಕ್ಕೆ ಕೆರೆಗಳು ಕಲ್ಲಿನಂತೆ ಹೆಪ್ಪುಗಟ್ಟುತ್ತವೆ, ಅದರ ಮೇಲೆ ಬೈಕುಗಳನ್ನೂ ಕ್ವಾಡುಗಳನ್ನೂ ಗಂಟೆಗಟ್ಟಲೆ ಓಡಿಸುವ ರೇಸು ನಡೆಯುತ್ತದೆ, ಮೊಳೆಯಿಲ್ಲದ ಚಕ್ರ ಅಲ್ಲಿ ಒಂದು ಗೇಣೂ ಹೋಗುವುದಿಲ್ಲ. ಕ್ವಾಡ್ ಅಂದರೆ ನಾಲ್ಕು ದಪ್ಪ ಚಕ್ರದ ಬೈಕು. ಒಂದು ಗಾಡಿ, ಇಬ್ಬರು ಸವಾರರು, ಸರದಿಯ ಮೇಲೆ ಓಡಿಸಬೇಕು. ಹೊತ್ತು ಮುಗಿಯುವಷ್ಟರಲ್ಲಿ ಯಾರು ಹೆಚ್ಚು ಸುತ್ತು ಹಾಕಿರುತ್ತಾರೋ ಅವರು ಗೆದ್ದ ಹಾಗೆ.

“ಆ ಇಬ್ಬರು ಸವಾರರು ಯಾರು?” ಅಂತ ಕೇಳಿದೆ. ಗಿರಿಜಾ ಮೊಳೆ ತಿರುಪುವುದನ್ನು ನಿಲ್ಲಿಸಲಿಲ್ಲ. ಡೆನೀಸ್ ತನ್ನತ್ತ ಒಂದು ಬೆರಳು ತೋರಿಸಿಕೊಂಡು, ಇನ್ನೊಂದು ಬೆರಳನ್ನು ನನ್ನ ಹೆಂಡತಿಯತ್ತ ಚಾಚಿದಳು.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಸುರೇಶ, ಮೈಸೂರಿನವನು. ಮ್ಯಾಂಚೆಸ್ಟರಿನ ವಿದನ್‌ಶಾ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಜನರನ್ನು ಮಲಗಿಸುವ ಅರಿವಳಿಕೆ ವೈದ್ಯ. ಮನೆಯಲ್ಲಿ ನಾವಿಬ್ಬರೇ. ಆಗ ನಾನು ಬಂದು ಆರು ವರ್ಷ, ಮದುವೆಯಾಗಿ ಗಿರಿಜಾ ಬಂದು ಎರಡು ವರ್ಷ. ಮೊದಲ ವರ್ಷ ಅವಳು ಕಿಟಕಿಯ ಪಕ್ಕ ಕೂತು ಮಳೆ ನೋಡಿದಳು. ಆಮೇಲೆ ಏರ್‌ಪೋರ್ಟಿನಲ್ಲಿ ಕೆಲಸ ಹಿಡಿದಳು. ವಿಮಾನದ ತನಕ ಲಗೇಜಿನ ಗಾಡಿಗಳನ್ನು ಎಳೆದುಕೊಂಡು ಹೋಗುವ ಪುಟ್ಟ ಟ್ರ್ಯಾಕ್ಟರು ಓಡಿಸುವ ಕೆಲಸ. ಮೈಸೂರಿನಲ್ಲಿ ಅಮ್ಮನಿಗೆ ‘ಏರ್‌ಪೋರ್ಟ್ ಆಫೀಸು’ ಎಂದಷ್ಟೇ ಹೇಳಿದ್ದೆವು. ಒಂದು ಬೆಳಿಗ್ಗೆ ರನ್‌ವೇ ಪಕ್ಕವೆಲ್ಲ ಹಿಮ ಕಟ್ಟಿ, ಬೇರೆಯವರೆಲ್ಲ ಜಾರಿ ಅಡ್ಡಾದಿಡ್ಡಿ ನಿಂತಾಗ ಇವಳೊಬ್ಬಳೇ ನಾಲ್ಕು ಗಾಡಿಗಳನ್ನು ಹಿಂದಕ್ಕೆ ಒತ್ತಿ ನೆಟ್ಟಗೆ ನಿಲ್ಲಿಸಿದಳಂತೆ. ಅದನ್ನು ಡೆನೀಸ್ ನೋಡಿದಳಂತೆ. ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಯುರಿ.

ಹೌದು, ಹೊಟ್ಟೆಯುರಿ. ಸುತ್ತಿ ಬಳಸಿ ಹೇಳುವುದೇಕೆ? ನಮ್ಮ ಮೈಸೂರಿನಲ್ಲಿ ಯಾರದಾದರೂ ಮನೆಗೆ ಹೋದರೆ ಕಾಫಿ ಕುಡಿಯದೆ ಎದ್ದು ಬರಲು ಬಿಡುವುದಿಲ್ಲ. ಇಲ್ಲಿ ಆರು ವರ್ಷ ದುಡಿದರೂ ಆಸ್ಪತ್ರೆಯ ಒಬ್ಬನೇ ಒಬ್ಬ ಸಹೋದ್ಯೋಗಿ ನನ್ನನ್ನು ಮನೆಗೆ ಕರೆದಿರಲಿಲ್ಲ. ಕೆಟ್ಟವರೇನಲ್ಲ. ‘ವೀಕೆಂಡ್ ಚೆನ್ನಾಗಿತ್ತಾ?’ ಎಂದು ಕೇಳುತ್ತಾರೆ, ಉತ್ತರ ಕೇಳಿಸಿಕೊಳ್ಳುವ ಮುಂಚೆ ರೋಟಾ ನೋಡಲು ಹೋಗುತ್ತಾರೆ. ರೋಟಾ ಎಂದರೆ ಯಾರು ಯಾವಾಗ ಡ್ಯೂಟಿ ಎಂಬ ಪಟ್ಟಿ; ಇಲ್ಲಿನವರ ಪಂಚಾಂಗ ಅದು. ನಾನು ಅವರ ಹಾಗೆ ಮಾತಾಡಲು ಕಲಿತೆ, ಅವರ ಹವಾಮಾನದ ಹಾಳು ಹರಟೆ ಕಲಿತೆ, ಕ್ರಿಸ್‌ಮಸ್ಸಿಗೆ ಕಾಗದದ ಟೋಪಿ ಹಾಕಿಕೊಂಡು ಕೂತೆ. ಏನು ಮಾಡಿದರೂ ನಾನು ಸಭ್ಯ ಡಾಕ್ಟರು ಅಷ್ಟೇ.

ಗಿರಿಜಾಗೆ ಇಂಗ್ಲಿಷ್ ನನ್ನಷ್ಟು ಬಾರದು. ಆದರೆ ಕೆಲವೇ ತಿಂಗಳಲ್ಲಿ ಡೆನೀಸಳ ಗಂಡ ಕೀತ್‌ನ ಶೆಡ್ಡಿನಲ್ಲಿ ಅವಳಿಗೊಂದು ಮಗ್ ಬಂದಿತ್ತು. ಕೀತ್ ನಿವೃತ್ತ ಬಸ್ ಮೆಕ್ಯಾನಿಕ್. ಊರಾಚೆ ಅವನದೊಂದು ತಗಡಿನ ಶೆಡ್ಡು, ಅದರಲ್ಲಿ ಕ್ವಾಡು, ಮುರಿದ ಕುರ್ಚಿಗಳು, ಸದಾ ಕುದಿಯುವ ಕೆಟಲು. ಚಹಾಕ್ಕೆ ಈ ಕಡೆ ‘ಬ್ರೂ’ ಅನ್ನುತ್ತಾರೆ. ಗೋಡೆಯಲ್ಲಿ ಮೂರು ಮೊಳೆ, ಮೂರು ಮಗ್. ಒಂದರ ಮೇಲೆ ಕೀತ್, ಒಂದರ ಮೇಲೆ ಡೆನೀಸ್, ಇನ್ನೊಂದರ ಮೇಲೆ ಬಿಳಿ ಬಣ್ಣದಲ್ಲಿ ‘ಗಿಜ್’. ನನ್ನ ಮಾವ ದೇವರ ಹೆಸರೆಂದು ಇಟ್ಟ ಗಿರಿಜಾ, ಅಲ್ಲಿ ಗಿಜ್ ಆಗಿ ಮೊಳೆಗೆ ನೇತುಬಿದ್ದಿದ್ದಳು. ನನಗೆ ಕೊಟ್ಟದ್ದು ಅಂಚು ಒಡೆದ, ಯಾರದ್ದೂ ಅಲ್ಲದ ಒಂದು ಕಪ್.

“ಬ್ರೂ ಬೇಕಾ, ಲವ್?” ಎಂದು ಕೀತ್ ನನ್ನ ಹೆಂಡತಿಯನ್ನು ಕೇಳಿದಾಗ ಮೊದಲ ಸಲ ನನ್ನ ಕಿವಿ ಬಿಸಿಯಾಯಿತು. ಇಲ್ಲಿ ಅಂಗಡಿಯವರು, ಬಸ್ಸಿನವರು, ಎಲ್ಲರೂ ಎಲ್ಲರನ್ನೂ ಲವ್ ಅನ್ನುತ್ತಾರೆ; ನಮ್ಮಲ್ಲಿ ತರಕಾರಿಯವಳು ‘ಬಾರಪ್ಪಾ, ಬಾರಮ್ಮಾ’ ಅಂದ ಹಾಗೆ. ಅದು ಗೊತ್ತಿದ್ದೂ ಉರಿಯಿತು. ಆಮೇಲೆ ಯೋಚಿಸಿದರೆ ಕೀತ್ ಅವಳನ್ನು ಹಾಗೆ ಕರೆದನೆಂದಲ್ಲ ನನಗೆ ಸಂಕಟ, ನನ್ನನ್ನು ಕರೆಯಲಿಲ್ಲವೆಂದು. ನನ್ನನ್ನು ಅವನು ‘ಡಾಕ್’ ಅನ್ನುತ್ತಿದ್ದ.

ನಾನೂ ಬೈಕು ಓಡಿಸಿದವನೇ ಸ್ವಾಮಿ. ಮೆಡಿಕಲ್ ಕಾಲೇಜಿನಲ್ಲಿ ಚಾಮುಂಡಿ ಬೆಟ್ಟದ ತಿರುವುಗಳನ್ನು ಹೇಗೆ ಇಳಿಯುತ್ತಿದ್ದೆ ಎಂದು ನನ್ನ ಬ್ಯಾಚಿನವರನ್ನು ಕೇಳಿ. ಒಂದು ಭಾನುವಾರ ಅವರು ಅಭ್ಯಾಸ ಮಾಡುವ ಹೊಲದಲ್ಲಿ “ಒಂದು ಕೈ ನೋಡ್ತೀನಿ” ಎಂದು ಕ್ವಾಡು ಹತ್ತಿದೆ. ಎರಡನೇ ತಿರುವಿನಲ್ಲಿ ಗಾಡಿ ಒಂದು ಕಡೆ, ನಾನು ಇನ್ನೊಂದು ಕಡೆ. ಮೂಗಿನವರೆಗೂ ಕೆಸರು. ಕೀತ್ ಎದ್ದೂ ಬಿದ್ದೂ ಓಡಿಬಂದು ಮೊದಲು ಕ್ವಾಡನ್ನು ಎತ್ತಿದ, ಆಮೇಲೆ ನನ್ನನ್ನು.

“ಪರವಾಗಿಲ್ಲ ಡಾಕ್, ನೀವು ಬೋರ್ಡು ಹಿಡ್ಕೊಳ್ಳಿ,” ಎಂದ. ಸವಾರರಿಗೆ ಎಷ್ಟನೇ ಸುತ್ತು ಎಂದು ತೋರಿಸುವ ಕಪ್ಪು ಹಲಗೆ ಅದು. ಎಂ.ಡಿ. ಓದಿದವನಿಗೆ ಸಿಕ್ಕ ಪದವಿ.

ಗಿರಿಜಾ ನಗಲಿಲ್ಲ. ಕರ್ಚೀಫು ಒದ್ದೆ ಮಾಡಿ ನನ್ನ ಮುಖ ಒರೆಸಿ, ಹೆಲ್ಮೆಟ್ ಹಾಕಿಕೊಂಡು ತಾನು ಹೊರಟಳು. ಅವಳು ತಿರುವಿನಲ್ಲಿ ಮೈಯನ್ನು ಒಳಗಡೆಗೆ ಚೆಲ್ಲಿ, ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸಿ, ಮತ್ತೆ ನೆಟ್ಟಗೆ ಮಾಡುವುದನ್ನು ನೋಡಿದರೆ ಯಾರಿಗಾದರೂ ಹೆಮ್ಮೆಯಾಗಬೇಕಿತ್ತು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಅವಳು ಅಲ್ಲಿ ನಗುತ್ತಿದ್ದ ನಗು ನಮ್ಮ ಮನೆಯಲ್ಲಿ ನಾನು ಕೇಳಿರಲೇ ಇಲ್ಲ.

ಅದೇ ವಾರ ಬರ್ಮಿಂಗ್‌ಹ್ಯಾಮಿನ ಒಂದು ಆಸ್ಪತ್ರೆಯ ಕೆಲಸಕ್ಕೆ ಅರ್ಜಿ ಹಾಕಿದೆ. ಮೇಲಿನ ಹುದ್ದೆ, ನಿಜ. ಅಲ್ಲಿ ಕನ್ನಡದ ಡಾಕ್ಟರುಗಳು ಬೇಕಾದಷ್ಟಿದ್ದಾರೆ, ಅದೂ ನಿಜ. ಆದರೆ ಅದು ಕೀತ್‌ನ ಶೆಡ್ಡಿನಿಂದ ದೂರವಿದೆ ಎಂಬುದೇ ನನಗೆ ಕಂಡ ದೊಡ್ಡ ಅನುಕೂಲ. ಸಂದರ್ಶನಕ್ಕೆ ಹೋಗಿಬಂದೆ, ಕೆಲಸ ಸಿಕ್ಕಿಯೂಬಿಟ್ಟಿತು. ಗಿರಿಜಾಗೆ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತಿದ್ದಳು. ತುಂಬ ಹೊತ್ತು ಅದೊಂದೇ ಚಪಾತಿ ಲಟ್ಟಿಸಿದಳು.

“ಯಾವಾಗ ಉತ್ತರ ಕೊಡ್ಬೇಕ್ರಿ?”

“ರೇಸ್ ಆದ್ಮೇಲೆ ಬರೋ ಸೋಮವಾರ.”

“ಹಂಗಾದ್ರ ರೇಸ್ ಮುಗೀಲಿ. ಆಮ್ಯಾಲೆ ಮಾತಾಡೋಣು.”

ಇಷ್ಟೇ. ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಖಂಡಿತ ಡೆನೀಸ್ ಹತ್ತಿರ ಹೋಗಿ ಅತ್ತಿರುತ್ತಾಳೆ, ಈಗ ಆ ಮೂವರೂ ಸೇರಿ ನನ್ನನ್ನು ಬೈದುಕೊಳ್ಳುತ್ತಿರುತ್ತಾರೆ ಎಂದುಕೊಂಡೆ. ಆ ಯೋಚನೆಯಿಂದ ಉರಿ ಇನ್ನಷ್ಟು ಹೆಚ್ಚಾಯಿತು.

ಯುರೋಪಿನೊಳಗೆ ಇರಬೇಕೋ ಬೇಡವೋ ಎಂದು ಇಡೀ ದೇಶ ವೋಟು ಹಾಕುವ ಮುಂಚಿನ ಚಳಿಗಾಲ ಅದು. ಕೀತ್, ಡೆನೀಸ್ ಪಾಸ್‌ಪೋರ್ಟು ಜೇಬಿಗೆ ಹಾಕಿಕೊಂಡು ಹೊರಟರು. ನಾವು ಸ್ವೀಡನ್ನಿಗೆ ಹೋಗಲು ಬೆರಳಚ್ಚು ಕೊಟ್ಟು ವೀಸಾ ಮಾಡಿಸಿಕೊಂಡೆವು. ವ್ಯಾನಿನ ಹಿಂದೆ ಕ್ವಾಡು, ಮುಂದೆ ನಾವು ನಾಲ್ವರು. ಹಡಗು, ರಸ್ತೆ, ಸೇತುವೆ, ಮತ್ತೆ ರಸ್ತೆ. ಡೆನೀಸ್ ವ್ಯಾನು ಓಡಿಸುವಾಗಲೆಲ್ಲ, ನಾನು ಮನೆಯಿಂದ ಮಾಡಿ ತಂದ ಪುಳಿಯೋಗರೆಯನ್ನು ಕೀತ್ ಚಮಚದಲ್ಲಿ ಕೆರೆದು ಕೆರೆದು ತಿಂದ. ಡಬ್ಬಿ ಖಾಲಿಯಾದ ಮೇಲೆ “ಗಿಜ್, ನೀನು ಅಡುಗೆಯಲ್ಲೂ ಗಟ್ಟಿಗಿತ್ತಿ!” ಎಂದ. ಗಿರಿಜಾ “ಮಾಡಿದ್ದು ನಮ್ಮನೆಯವರು” ಎಂದು ತಿದ್ದಿದಳು. ಅಷ್ಟರಲ್ಲಿ ಅವನು ನಿದ್ದೆಹೋಗಿದ್ದ.

ಕೆರೆ ಮುಟ್ಟಿದಾಗ ಕೀತ್ ವ್ಯಾನು ನಿಲ್ಲಿಸಲೇ ಇಲ್ಲ. ದಂಡೆಯಿಂದ ಸೀದಾ ನೀರಿನ ಮೇಲಕ್ಕೆ ಇಳಿಸಿದ. ನನ್ನ ಬಾಯಿಂದ “ಅಯ್ಯಯ್ಯೋ!” ಎಂದು ಬಂದೇಬಿಟ್ಟಿತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗ್ ಮಾಡಿ ಬೆಳೆದವನು ನಾನು. ಕೆರೆ ಎಂದರೆ ಸುತ್ತ ನಡೆಯುವುದು, ಹೊಳೆ ಎಂದರೆ ದಾಟುವುದು. ಇಲ್ಲಿ ಕೆರೆಯ ನಟ್ಟನಡುವೆ ಲಾರಿಗಳು, ಡೇರೆಗಳು, ಪೆಟ್ರೋಲಿನ ಡಬ್ಬಗಳು, ಸಾಸೇಜು ಸುಡುವ ಅಂಗಡಿ. ಕೆಳಗಿನಿಂದ ಆಗಾಗ ಹಿಮ ಢುಂ ಎನ್ನುತ್ತಿತ್ತು. ಹಾಗೆ ಸದ್ದಾಗುವುದು ಒಳ್ಳೆಯದೇ ಅಂತ ಡೆನೀಸ್ ಹೇಳಿದಳು, ನನಗೇನೂ ಒಳ್ಳೆಯದೆನಿಸಲಿಲ್ಲ. ಇಳಿಯುವಾಗ ಬಗ್ಗಿ ಹಿಮ ಮುಟ್ಟಿ ಕಣ್ಣಿಗೊತ್ತಿಕೊಂಡೆ, ಊರಿನಲ್ಲಿ ಹೊಳೆಗಿಳಿಯುವ ಮುಂಚೆ ಮಾಡುವಂತೆ. ತಲೆಯೆತ್ತಿ ನೋಡಿದರೆ ವ್ಯಾನಿನ ಆ ಬಾಗಿಲಲ್ಲಿ ಗಿರಿಜಾ ಕೂಡ ಅದನ್ನೇ ಮಾಡುತ್ತಿದ್ದಳು. ಇಬ್ಬರಿಗೂ ನಗು ಬಂತು. ಆ ಪ್ರಯಾಣದಲ್ಲಿ ನನ್ನ ಹೊಟ್ಟೆ ತಣ್ಣಗಿದ್ದ ಒಂದೇ ಗಳಿಗೆ ಅದು.

ಮರುದಿನ ರೇಸು. ಕೀತ್‌ಗೆ ಎಂಜಿನ್ ಗೊತ್ತು, ಡೆನೀಸ್‌ಗೆ ಹಿಮ ಗೊತ್ತು, ಗಿರಿಜಾಗೆ ಎರಡೂ ಗೊತ್ತು. ನನಗೆ ಮಾತ್ರ ಗೊತ್ತಿರುವುದೊಂದು ಇರಲೇಬೇಕಲ್ಲ? ಹೊಸ ಗಾಡಿ ಹೊರಡುವ ಮುಂಚೆ ನಮ್ಮಲ್ಲಿ ಏನು ಮಾಡುತ್ತಾರೆ? ಅದಕ್ಕಾಗಿ ಮ್ಯಾಂಚೆಸ್ಟರಿನ ಲಾಂಗ್‌ಸೈಟ್ ಬಡಾವಣೆಯ ಅಂಗಡಿಯಿಂದ ನಿಂಬೆಹಣ್ಣು ತಂದಿದ್ದೆ, ಅಮ್ಮ ಕಳಿಸಿದ್ದ ಅರಿಶಿನ ತಂದಿದ್ದೆ, ಎಲೆಯಡಿಕೆಯ ಸುಣ್ಣ ತಂದಿದ್ದೆ. ಬೆಳಿಗ್ಗೆ ಬಿಸಿನೀರಿಗೆ ಅರಿಶಿನ ಕದಡಿ ಸುಣ್ಣ ಬೆರೆಸಿದರೆ ಕಡುಕೆಂಪಿನ ಓಕುಳಿ. ಫ್ಲಾಸ್ಕು ತುಂಬ ತುಂಬಿಕೊಂಡೆ.

ಸಾಲಾಗಿ ನಿಂತ ಬೈಕು, ಕ್ವಾಡುಗಳ ನಡುವೆ ನಮ್ಮದು. ಗಿರಿಜಾ ಮೊದಲ ಸರದಿಗೆ ಹತ್ತಿ ಕೂತಿದ್ದಳು. ನಾನು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಚಳಿಗೆ ಅವು ಗೋಲಿಕಲ್ಲಾಗಿದ್ದವು. ಕೀತ್ ಗಾಡಿಯನ್ನು ಒಂದಿಷ್ಟು ಮುಂದೆ ತಳ್ಳಿದ. ಹಣ್ಣು ಒಡೆಯುವ ಬದಲು ಮೊಳೆಗೆ ಚುಚ್ಚಿಕೊಂಡು ಚಕ್ರದ ಜೊತೆ ಮೇಲೆ ಬಂತು. ಅಪಶಕುನವೋ ಶುಭಶಕುನವೋ ತಿಳಿಯದೆ, ಗಾಡಿಗೂ ಗಿರಿಜಾಗೂ ಸೇರಿಸಿ ಮೂರು ಸಲ ಫ್ಲಾಸ್ಕು ಇಳಿತೆಗೆದು, ಓಕುಳಿಯನ್ನೆಲ್ಲ ಮುಂದಿನ ಚಕ್ರದ ಎದುರು ಸುರಿದೆ.

ಊರಿನಲ್ಲಾದರೆ ಮಣ್ಣು ಅದನ್ನು ಕುಡಿದುಬಿಡುತ್ತದೆ. ಬಿಳಿ ಹಿಮದ ಮೇಲೆ ಅದು ಹಬ್ಬಿತು ನೋಡಿ! ಆವಿಯಾಡುತ್ತ, ಕೆಂಪಗೆ, ಸಾಲಿನ ಉದ್ದಕ್ಕೂ. ಆಪರೇಷನ್ ಥಿಯೇಟರಿನಲ್ಲೇ ಅರ್ಧ ಆಯುಷ್ಯ ಕಳೆದವನಿಗೆ ಅದು ಏನಾಗಿ ಕಾಣುತ್ತದೆಂದು ಮೊದಲೇ ಹೊಳೆಯಬೇಕಿತ್ತು. ಹಳದಿ ಕೋಟಿನ ಅಧಿಕಾರಿಯೊಬ್ಬ ಕೂಗಿದ. ಕೆಂಪು ಬಾವುಟಗಳು ಎದ್ದವು. ಎಂಜಿನ್ನುಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಹಿಮದ ಸ್ಕೂಟರೊಂದು ಸ್ಟ್ರೆಚರ್ ಎಳೆದುಕೊಂಡು ನಮ್ಮತ್ತ ಹಾರಿಬಂತು.

“ಯಾರಿಗೆ ಪೆಟ್ಟು? ಯಾರ ರಕ್ತ ಇದು?”

“ರಕ್ತ ಅಲ್ಲ. ಅರಿಶಿನ... ಒಂದು ಬಗೆಯ ಪೂಜೆ,” ಎಂದೆ.

“ಯಾತಕ್ಕೆ?”

“ಕೆಟ್ಟ ಕಣ್ಣು ಬೀಳದಿರಲಿ ಅಂತ.”

ಅವನು ಆ ವಿಶಾಲವಾದ ಕೆರೆಯನ್ನೂ, ಸಾಲಾಗಿ ನಿಂತ ಸವಾರರನ್ನೂ ಒಮ್ಮೆ ನೋಡಿ, ಗೇಲಿಯಿಲ್ಲದೆ ಕೇಳಿದ: “ಯಾರ ಕಣ್ಣು?”

ಡೆನೀಸ್ ಕೀತ್‌ನನ್ನು ನೋಡಿದಳು, ಕೀತ್ ಬೂಟು ನೋಡಿಕೊಂಡ. ಗಿರಿಜಾ ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು. ಅವಳ ಕಣ್ಣಲ್ಲಿ ನೀರಿತ್ತೋ, ಅದು ಚಳಿಗೆ ಬಂದದ್ದೋ ಗೊತ್ತಾಗಲಿಲ್ಲ.

“ದೃಷ್ಟಿ ಹಾಕ್ದವ್ರೇ ತೆಗೆದ್ರ ಹೋಗ್ತದೇನ್ರಿ ಅದು?” ಎಂದಳು. ಕನ್ನಡದಲ್ಲಿ, ಮೆಲ್ಲಗೆ, ನನಗೊಬ್ಬನಿಗೇ.

ಅವಳಿಗೆಲ್ಲ ಗೊತ್ತಿತ್ತು. ಮೊದಲ ಬ್ರೂವಿನಿಂದ ಬರ್ಮಿಂಗ್‌ಹ್ಯಾಮಿನ ತನಕ ಎಲ್ಲ. ಆ ಕೆರೆಯ ಮೇಲೆ ಅವಳಿಗೆ ಕಣ್ಣು ಹಾಕಿದವನು ಯಾರಾದರೂ ಇದ್ದರೆ ಅದು ನಾನೊಬ್ಬನೇ.

ಕೆಂಪು ಹಿಮವನ್ನೆಲ್ಲ ನಾವೇ ಕೆರೆದು ತೆಗೆಯಬೇಕೆಂದೂ, ಎಲ್ಲರೂ ಹೊರಟ ಮೇಲೆ ಕಟ್ಟಕಡೆಗೆ ನಾವು ಹೊರಡಬೇಕೆಂದೂ ತೀರ್ಪಾಯಿತು. ಕೀತ್ ಸಲಿಕೆ ತಂದ. ಅವನ ಕೈಯಿಂದ ಅದನ್ನು ಕಿತ್ತುಕೊಂಡು ನಾನೇ ಕೆರೆದೆ. ಉಳಿದ ಗಾಡಿಗಳು ಹಿಮದ ಧೂಳೆಬ್ಬಿಸಿ ಮಾಯವಾದವು. ಗಿರಿಜಾ ಗಾಜು ಇಳಿಸಿಕೊಂಡು, ಮೂಳೆ ಕೊರೆಯುವ ಗಾಳಿಯಲ್ಲಿ ಕಲ್ಲಿನಂತೆ ಕೂತಿದ್ದಳು.

ಆಮೇಲೆ ಅವಳು ಹೊರಟಳು. ಬೋರ್ಡು ಹಿಡಿದು ನಿಂತು ನೋಡಿದೆ. ಮೊದಲ ಸುತ್ತಿನಲ್ಲಿ ಒಬ್ಬಳೇ ಬಂದಳು. ಸ್ವಲ್ಪ ಹೊತ್ತಿಗೆ ಅವಳ ಮುಂದೆ ಒಂದು ಗಾಡಿ ಕಂಡಿತು, ಇನ್ನಷ್ಟು ಹೊತ್ತಿಗೆ ಅದು ಅವಳ ಹಿಂದಿತ್ತು. ತಿರುವಿನಲ್ಲಿ ಗಂಡಸರು ಬ್ರೇಕು ಒತ್ತುವ ಕಡೆ ಇವಳು ಒತ್ತುತ್ತಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಯಾವುದೋ ದೇಶದ ಮೆಕ್ಯಾನಿಕ್ಕು “ಅದು ಯಾರು?” ಎಂದು ಕೇಳಿದ. “ನನ್ನ ಹೆಂಡತಿ” ಎಂದು ಕಿರುಚಿದೆ. ಅವನಿಗೆ ಕೇಳಿಸಲಿಲ್ಲ, ಮತ್ತೆ ಕಿರುಚಿದೆ. ಹೆಮ್ಮೆಯೇ? ಇತ್ತು. ಹೊಟ್ಟೆಯುರಿಯೂ ಇತ್ತು. ಈಗ ಮನುಷ್ಯರ ಮೇಲಲ್ಲ. ಅವಳನ್ನು ಅಷ್ಟು ಚೆನ್ನಾಗಿ ಹೊತ್ತುಕೊಂಡಿದ್ದ ಆ ಹಿಮದ ಮೇಲೆ.

ಸರದಿ ಬದಲಿಸಲು ಒಳಗೆ ಬಂದಾಗ ಅವಳಿಂದ ಹ್ಯಾಂಡಲ್ ಬಿಡಲಾಗಲಿಲ್ಲ. ಬೆರಳುಗಳು ಹಾಗೇ ಮಡಚಿ ಸೆಟೆದಿದ್ದವು. ನಾನು ಒಂದೊಂದೇ ಬೆರಳು ಬಿಡಿಸಿದೆ, ಕೈಗವಸು ಎಳೆದು, ನನ್ನ ಕೋಟು ಬಿಚ್ಚಿ, ಅವಳ ಎರಡೂ ಕೈಗಳನ್ನು ನನ್ನ ಕಂಕುಳಲ್ಲಿ ಇಟ್ಟುಕೊಂಡೆ. ರಕ್ತ ಮತ್ತೆ ಬೆರಳಿಗೆ ಇಳಿಯುವಾಗ ಜೀವ ಹೋಗುವಂಥ ನೋವು. ಅವಳು ಹಲ್ಲು ಕಚ್ಚಿ ನನ್ನ ಎದೆಗೆ ಹಣೆ ಒತ್ತಿದಳು. “ಉರೀತೈತ್ರಿ,” ಎಂದಳು. “ಉರೀಲಿ. ಉರಿದ್ರೆ ಒಳ್ಳೇದು,” ಎಂದೆ ಡಾಕ್ಟರಾಗಿ. ಡೆನೀಸ್ ಆಗಲೇ ಗಾಡಿ ಹತ್ತಿ ಹೋಗಿದ್ದಳು.

ಸಂಜೆಗೆ ರೇಸು ಮುಗಿಯಿತು. ಗೆಲ್ಲಲಿಲ್ಲ, ಕಡೆಯಿಂದ ಹೊರಟವರು ನಡುವಿನವರೆಗೆ ಬಂದಿದ್ದೆವು. ನನ್ನ ಓಕುಳಿ ಇಲ್ಲದಿದ್ದರೆ ಎಲ್ಲಿರುತ್ತಿದ್ದೆವೋ, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ವ್ಯಾನಿನ ಪಕ್ಕ ನಿಂತು ಕೀತ್ ಫ್ಲಾಸ್ಕಿನಿಂದ ಬ್ರೂ ಹಂಚಿದ. ಫ್ಲಾಸ್ಕು ನನ್ನದೇ, ಚಹಾದಲ್ಲಿ ಅರಿಶಿನದ ವಾಸನೆ ಬರುತ್ತಿತ್ತು. ಎರಡು ಗುಟುಕು ಕುಡಿದು ಅವನು ಕೇಳಿದ:

“ಏನಮ್ಮ ಗಿಜ್, ಮುಂದಿನ ವರ್ಷವೂ ಇದೇ ತಂಡ ತಾನೇ? ನಾನು ಈಗಲೇ ಹೆಸರು ಕೊಟ್ಟುಬಿಡ್ತೀನಿ.”

ಡೆನೀಸ್ ಕೂಡ ನಗುತ್ತ ಅವಳ ಉತ್ತರಕ್ಕೆ ಕಾದಳು. ಆ ಇಬ್ಬರ ಮುಖ ನೋಡಿದಾಗ ನನಗೆ ಹೊಳೆಯಿತು: ಬರ್ಮಿಂಗ್‌ಹ್ಯಾಮಿನ ವಿಷಯ ಇವರಿಗೆ ಗೊತ್ತೇ ಇಲ್ಲ. ಇಷ್ಟು ದಿನ ಇವಳು ಒಂದಕ್ಷರ ಹೇಳಿಲ್ಲ. ಅತ್ತಿಲ್ಲ, ದೂರಿಲ್ಲ, ಗಂಡನ ಮರ್ಯಾದೆಯನ್ನು ಶೆಡ್ಡಿಗೆ ಒಯ್ದಿಲ್ಲ.

“ನಮ್ಮೆಜಮಾನ್ರನ್ನ ಕೇಳಿ,” ಎಂದಳು ಗಿರಿಜಾ ಇಂಗ್ಲಿಷಿನಲ್ಲಿ.

ಕೀತ್, ಡೆನೀಸ್ ಇಬ್ಬರೂ ನನ್ನ ಕಡೆ ತಿರುಗಿದರು. ಆರು ವರ್ಷದಲ್ಲಿ ಮೊದಲ ಸಲ ಈ ನಾಡಿನ ಇಬ್ಬರು ಮನುಷ್ಯರು ನನ್ನ ಉತ್ತರಕ್ಕಾಗಿ ನಿಜವಾಗಿ ಕಾಯುತ್ತಿದ್ದರು. ಗಿರಿಜಾ ಕಾಯುತ್ತಿರಲಿಲ್ಲ. ಅವಳು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ನಾನು ಇಲ್ಲ ಎಂದಿದ್ದರೆ ಒಂದೂ ಮಾತಾಡದೆ ಬರ್ಮಿಂಗ್‌ಹ್ಯಾಮಿಗೆ ಬಂದು, ಇನ್ನೊಂದು ಕಿಟಕಿಯ ಪಕ್ಕ ಕೂತು ಮಳೆ ನೋಡುತ್ತಿದ್ದಳು. ಅದು ನನಗೆ ಅಂಗೈಯಷ್ಟು ಸ್ಪಷ್ಟವಾಗಿ ಕಂಡಿತು.

“ಬರ್ತೀವಿ,” ಎಂದೆ. ಕನ್ನಡದಲ್ಲೇ ಬಂದುಬಿಟ್ಟಿತು. ಗಿರಿಜಾ ಅದನ್ನು ಅವರಿಗೆ ಹೇಳುವ ಮುಂಚೆ ತಿರುಗಿ ನಿಂತು ಮೂಗು ಒರೆಸಿಕೊಂಡಳು.

ಸೋಮವಾರ ಬರ್ಮಿಂಗ್‌ಹ್ಯಾಮಿಗೆ ಆಗುವುದಿಲ್ಲವೆಂದು ಬರೆದು ಹಾಕಿದೆ. ಅಮ್ಮ ಫೋನಿನಲ್ಲಿ ಸರಿಯಾಗಿ ಬೈದಳು. “ದೊಡ್ಡ ಕೆಲ್ಸ ಬಿಟ್ಟು ಅಲ್ಲಿ ಏನು ಸಾಧಿಸ್ತೀಯೋ?” ಎಂದಳು. ಯುಗಾದಿಗೆ ಇಲ್ಲಿನ ಕನ್ನಡದವರು ಸೇರಿದಾಗ ನನಗೆ ಮುಂದಿನ ಸಾಲಿನ ಕುರ್ಚಿ, ‘ಬನ್ನಿ ಡಾಕ್ಟ್ರೇ’ ಎಂಬ ಉಪಚಾರ. ಗಿರಿಜಾ ಅಲ್ಲಿ ‘ಡಾಕ್ಟ್ರ ಮನೆಯವರು’. ಬೆಂಗಳೂರಿನ ಕನ್ನಡ ಮಾತಾಡುತ್ತ, ಹೋಳಿಗೆ ಬಡಿಸುತ್ತ, ಗಡಿಯಾರ ನೋಡುತ್ತಾಳೆ. ಶನಿವಾರ ಶೆಡ್ಡಿಗೆ ಹೋದರೆ ಗಡಿಯಾರ ನೋಡುವವನು ನಾನು.

ಶೆಡ್ಡಿನ ಗೋಡೆಗೆ ಈಗ ನಾಲ್ಕನೆಯ ಮೊಳೆ ಬಂದಿದೆ, ಅದರಲ್ಲಿ ನನ್ನ ಮಗ್. ಕೀತ್ ಅದರ ಮೇಲೆ ಒಂದು ತುಂಡು ಟೇಪು ಅಂಟಿಸಿ ‘ಡಾಕ್’ ಎಂದು ಗೀಚಿದ. ತೊಳೆದಾಗಲೆಲ್ಲ ಟೇಪು ಕಿತ್ತುಬರುತ್ತದೆ. ಯಾರೂ ನೋಡದಿದ್ದಾಗ ನಾನೇ ಹೊಸ ತುಂಡು ಹರಿದು, ‘ಸುರೇಶ’ ಎಂದು ಕನ್ನಡದಲ್ಲಿ ಬರೆದು ಅಂಟಿಸುತ್ತೇನೆ. ಕೀತ್‌ಗೆ ಅದನ್ನು ಓದಲು ಬರುವುದಿಲ್ಲ. ಆದರೂ ಬ್ರೂ ಸರಿಯಾದ ಮಗ್ಗಿಗೇ ಸುರಿಯುತ್ತಾನೆ. ಕುಡಿದು ಮುಗಿಸಿ ಎಲ್ಲರ ಮಗ್ಗುಗಳನ್ನೂ ನಾನೇ ತೊಳೆಯುತ್ತೇನೆ. ಗಿಜ್ ಎಂಬುದನ್ನು ಬೇಕೆಂದೇ ಎರಡು ಸಲ ಉಜ್ಜುತ್ತೇನೆ. ಅದು ಹೋಗುವುದಿಲ್ಲ.